ಸಾಲ್ವೇಜ್ ಟೈಟಲ್: ಅಮೆರಿಕದಲ್ಲಿ ಟೋಟಲ್ ಲಾಸ್ ಆದ ಕಾರಿನ ವಿಮೆ ಮತ್ತು ಕಾಗದಪತ್ರ

ಅಪಘಾತ, ನೆರೆ, ಬೆಂಕಿ ಅಥವಾ ಕಳವಿನಿಂದ ಹಾನಿಗೊಂಡ ಕಾರನ್ನು ದುರಸ್ತಿ ಮಾಡಿಸುವುದಕ್ಕಿಂತ ಅದರ ಬೆಲೆಯನ್ನೇ ಮಾಲೀಕನಿಗೆ ಕೊಟ್ಟುಬಿಡುವುದು ಮೇಲೆಂದು ವಿಮಾ ಕಂಪನಿ ತೀರ್ಮಾನಿಸಿದಾಗ ಆ ಕಾರು ‘ಟೋಟಲ್ ಲಾಸ್’ ಆಯಿತೆನ್ನುತ್ತಾರೆ. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಇಂಥ ಕಾರು ರಾಜ್ಯದ ಕಾನೂನು ಹೇಳಿದ ಮಟ್ಟದ ಹಾನಿಗೆ ಒಳಗಾಗಿದ್ದರೆ ಅದರ ಮಾಲೀಕತ್ವ ಪತ್ರವನ್ನು, ಅಂದರೆ ಟೈಟಲನ್ನು, ಮೋಟಾರು ವಾಹನ ಇಲಾಖೆ ಹಿಂದಕ್ಕೆ ಪಡೆದು ‘ಸಾಲ್ವೇಜ್’ ಎಂದು ನಮೂದಿಸಿದ ಬೇರೆ ಪತ್ರ ಕೊಡುತ್ತದೆ. ಕೈಯಲ್ಲಿ ಆ ಪತ್ರ ಇರುವವರೆಗೆ ಕಾರನ್ನು ಸಾರ್ವಜನಿಕ ರಸ್ತೆಗೆ ಇಳಿಸುವಂತಿಲ್ಲ. ದುರಸ್ತಿ, ತಪಾಸಣೆ ಎರಡೂ ಮುಗಿದ ಮೇಲೆ ‘ರೀಬಿಲ್ಟ್’ ಎಂಬ ಇನ್ನೊಂದು ಪತ್ರ ಸಿಗುತ್ತದೆ. ಕೆಲವು ರಾಜ್ಯಗಳಲ್ಲಿ ಇದಕ್ಕೆ ಬೇರೆ ಹೆಸರುಗಳಿವೆ. ಹೆಸರು ಯಾವುದಾದರೂ ಗುರುತು ಮಾತ್ರ ಕಾರಿನ ಆಯುಷ್ಯವಿಡೀ ಉಳಿಯಬೇಕೆಂಬುದು ನಿಯಮದ ಆಶಯ.

ನಮ್ಮಲ್ಲಿ ಆರ್‌ಸಿ ಎಂಬ ಒಂದೇ ದಾಖಲೆ ಮಾಲೀಕತ್ವವನ್ನೂ ನೋಂದಣಿಯನ್ನೂ ಸಾರುತ್ತದೆ. ಅಮೆರಿಕದಲ್ಲಿ ಇವೆರಡು ಬೇರೆ ಬೇರೆ. ನೋಂದಣಿ ಎಂದರೆ ರಸ್ತೆಯಲ್ಲಿ ಓಡಿಸಲು ಕೊಟ್ಟ ಅನುಮತಿ, ಅದನ್ನು ನಿಗದಿತ ಕಾಲಕ್ಕೆ ನವೀಕರಿಸುತ್ತಿರಬೇಕು. ಟೈಟಲ್ ಎಂದರೆ ಮನೆಯ ಕ್ರಯಪತ್ರದಂತೆ ಒಡೆತನದ ಸಾಕ್ಷಿ. ಕಾರು ಮಾರಿದಾಗ ಸಹಿಯಾಗಿ ಕೈಬದಲಾಗುವುದು ಅದೇ. ಟೋಟಲ್ ಲಾಸ್ ವ್ಯವಹಾರದಲ್ಲಿ ಎದುರುಬದುರು ಕೂತು ಚೌಕಾಶಿ ಮಾಡುವವರು ಇಬ್ಬರೇ, ಮಾಲೀಕ ಮತ್ತು ವಿಮಾ ಕಂಪನಿ. ಆದರೆ ಅದರ ಫಲ ಉಣ್ಣುವವನು ಮೂರನೆಯವನೊಬ್ಬ: ಎರಡು ವರ್ಷದ ಬಳಿಕ ಇನ್ನೊಂದು ಊರಿನಲ್ಲಿ ಅದೇ ಕಾರನ್ನು ಕೊಂಡು ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಹೊರಡುವವನು. ಟೈಟಲ್ ಮೇಲಿನ ಆ ಒಂದು ಪದ ಇರುವುದು ಅವನಿಗಾಗಿ.

ಕಲ್ಪನೆ ಬಂದದ್ದು ಹಡಗುಗಳಿಂದ

ಟೋಟಲ್ ಲಾಸ್ ಎಂಬ ಕಲ್ಪನೆ ಮೋಟಾರು ವಿಮೆಗಿಂತ ಬಹಳ ಹಳೆಯದು. ಮುಳುಗಿದ ಹಡಗನ್ನು ಮೇಲೆತ್ತಿ ಸರಿಪಡಿಸುವ ಖರ್ಚು ಹಡಗಿನ ಬೆಲೆಯನ್ನೇ ಮೀರುವುದಾದರೆ ಮಾಲೀಕ ಅದನ್ನು ವಿಮೆದಾರನಿಗೆ ಬಿಟ್ಟುಕೊಟ್ಟು ಪೂರ್ತಿ ಹಣ ಕೇಳಬಹುದೆಂಬ ತತ್ತ್ವ ಸಾಗರ ವಿಮೆಯಲ್ಲಿ ಮೊದಲಿನಿಂದ ಇತ್ತು. ಬ್ರಿಟನ್ನಿನ 1906ರ ಸಾಗರ ವಿಮಾ ಕಾಯ್ದೆ ಅದನ್ನು ಬರಹಕ್ಕಿಳಿಸಿತು. ಭಾರತದ 1963ರ ಕಾಯ್ದೆಯಲ್ಲೂ ಅದೇ ತತ್ತ್ವವಿದೆ. ಪೂರ್ತಿ ಹಣ ಕೊಟ್ಟವನಿಗೆ ಉಳಿದ ಅವಶೇಷವೂ ಸೇರುತ್ತದೆ ಎಂಬ ಮಾತೂ ಅಲ್ಲಿಂದಲೇ ಬಂದದ್ದು. ಇಂದು ಜಜ್ಜಿಹೋದ ಕಾರನ್ನು ವಿಮಾ ಕಂಪನಿ ತನ್ನದಾಗಿಸಿಕೊಳ್ಳುವುದು ಇದರ ಆಧಾರದ ಮೇಲೆ.

ಲೆಕ್ಕ ಮತ್ತು ರಾಜ್ಯಗಳ ಭೇದ

ಟೋಟಲ್ ಲಾಸ್ ಎಂಬುದು ಕಾರು ಎಷ್ಟು ನುಜ್ಜುಗುಜ್ಜಾಗಿದೆ ಎಂಬುದರ ಮೇಲಿನ ತೀರ್ಪಲ್ಲ, ಬರೀ ಹಣದ ಲೆಕ್ಕ. ನಷ್ಟವಾಗುವ ಕ್ಷಣದ ಮುಂಚೆ ಆ ಕಾರಿಗೆ ಆ ಊರಿನ ಮಾರುಕಟ್ಟೆಯಲ್ಲಿ ಇದ್ದ ಬೆಲೆ ಒಂದು ಕಡೆ. ದುರಸ್ತಿಯ ಅಂದಾಜು ಇನ್ನೊಂದು ಕಡೆ. ಇವೆರಡನ್ನು ತೂಗುವ ಬಗೆಯನ್ನು ಆಯಾ ರಾಜ್ಯವೇ ಗೊತ್ತುಮಾಡುತ್ತದೆ. ಹಲವು ರಾಜ್ಯಗಳು ಶೇಕಡಾವಾರು ಗೆರೆ ಎಳೆದಿವೆ. ದುರಸ್ತಿ ಖರ್ಚು ಕಾರಿನ ಬೆಲೆಯ ಶೇ. 60 ಮುಟ್ಟಿದರೆ ಒಕ್ಲಹೋಮಾದಲ್ಲಿ, ಶೇ. 75 ಆದರೆ ಅಲಬಾಮಾದಲ್ಲಿ ಕಾರು ಸಾಲ್ವೇಜ್. ಟೆಕ್ಸಾಸ್‌ನಲ್ಲಿ ಖರ್ಚು ಕಾರಿನ ಪೂರ್ತಿ ಬೆಲೆಯನ್ನೇ ಮೀರಬೇಕು. ಕ್ಯಾಲಿಫೋರ್ನಿಯಾ, ಇಲಿನಾಯ್, ನ್ಯೂಜೆರ್ಸಿಗಳಂಥ ರಾಜ್ಯಗಳಲ್ಲಿ ಗೆರೆ ಇಲ್ಲ, ಸೂತ್ರವಿದೆ: ದುರಸ್ತಿ ಖರ್ಚಿಗೆ ಗುಜರಿ ಬೆಲೆಯನ್ನು ಕೂಡಿಸಿದಾಗ ಬರುವ ಮೊತ್ತ ಕಾರಿನ ಬೆಲೆಯನ್ನು ಮುಟ್ಟಿದರೆ ಟೋಟಲ್ ಲಾಸ್.

ಒಂದು ಕಾರಿನ ಬೆಲೆ 12,000 ಡಾಲರ್, ದುರಸ್ತಿ ಅಂದಾಜು 8,500, ಗುಜರಿಯಾಗಿ ಮಾರಿದರೆ 3,800 ಎಂದಿಟ್ಟುಕೊಳ್ಳೋಣ. ಒಕ್ಲಹೋಮಾದ ಗೆರೆ 7,200, ಆದ್ದರಿಂದ ಅಲ್ಲಿ ಅದು ಸಾಲ್ವೇಜ್. ಅಲಬಾಮಾದ ಗೆರೆ 9,000, ಹಾಗಾಗಿ ಅಲ್ಲಿ ಅಲ್ಲ. ಟೆಕ್ಸಾಸ್‌ನಲ್ಲಂತೂ ಅಲ್ಲವೇ ಅಲ್ಲ. ಕ್ಯಾಲಿಫೋರ್ನಿಯಾದಲ್ಲಿ 8,500ಕ್ಕೆ 3,800 ಸೇರಿ 12,300 ಆಗುತ್ತದೆ, ಅಲ್ಲಿ ಮತ್ತೆ ಟೋಟಲ್ ಲಾಸ್. ಒಂದೇ ಕಾರು, ಒಂದೇ ಪೆಟ್ಟು, ನಾಲ್ಕು ರಾಜ್ಯಗಳಲ್ಲಿ ಎರಡು ಬಗೆಯ ಕಾಗದ. ಇದು ವ್ಯವಸ್ಥೆಯ ದೊಡ್ಡ ದೌರ್ಬಲ್ಯ. ಮುಂದೆ ಹೇಳುವ ಮೋಸಗಳಲ್ಲಿ ಹಲವು ಇದೇ ಬಿರುಕಿನಿಂದ ನುಸುಳುತ್ತವೆ. ಸಾಲದ್ದಕ್ಕೆ ಕೆಲವು ರಾಜ್ಯಗಳು ಹಳೆಯ ಕಾರುಗಳನ್ನು ಈ ನಿಯಮದಿಂದಲೇ ಹೊರಗಿಟ್ಟಿವೆ.

ನೋಡಲು ಅಷ್ಟೇನೂ ಹಾಳಾಗದ ಕಾರುಗಳೂ ಈಗ ಟೋಟಲ್ ಲಾಸ್ ಆಗುತ್ತಿವೆ. ಬಂಪರಿನೊಳಗೆ ರೇಡಾರು, ಗಾಜಿನ ಹಿಂದೆ ಕ್ಯಾಮೆರಾ ಇರುವ ಕಾರಿಗೆ ಸಣ್ಣ ಪೆಟ್ಟು ಬಿದ್ದರೂ ಸೆನ್ಸರ್ ಬದಲಿಸಿ ಮತ್ತೆ ಹೊಂದಿಸಬೇಕು. ಏರ್‌ಬ್ಯಾಗ್‌ಗಳು ಬಿಚ್ಚಿಕೊಂಡಿದ್ದರೆ ಅವುಗಳ ಖರ್ಚೇ ಸಾವಿರಾರು ಡಾಲರ್. ಇನ್ನೊಂದೆಡೆ ಕಾರುಗಳಿಗೆ ವಯಸ್ಸಾಗುತ್ತಿದೆ: 2024ರಲ್ಲಿ ಅಮೆರಿಕದ ರಸ್ತೆಗಳ ಮೇಲಿದ್ದ ವಾಹನಗಳ ಸರಾಸರಿ ವಯಸ್ಸು 12.6 ವರ್ಷ. ಹಳೆಯ ಕಾರಿನ ಬೆಲೆ ಕಡಿಮೆ, ದುರಸ್ತಿಯ ಕೂಲಿ ಮಾತ್ರ ಹೊಸದಕ್ಕೂ ಹಳೆಯದಕ್ಕೂ ಒಂದೇ.

ಬೆಲೆಯ ತಕರಾರು

ಮಾಲೀಕನ ಪಾಲಿಗೆ ನಿಜವಾದ ಹೋರಾಟ ನಡೆಯುವುದು ಇಲ್ಲಿ. ಕಂಪನಿಯ ಅಡ್ಜಸ್ಟರ್, ಅಂದರೆ ನಷ್ಟ ಅಳೆಯುವ ಸಿಬ್ಬಂದಿ, ಬೆಲೆಯನ್ನು ತಾನೇ ಊಹಿಸುವುದಿಲ್ಲ. ಸಿಸಿಸಿ, ಮಿಚೆಲ್, ಆಡಾಟೆಕ್ಸ್ ಮುಂತಾದ ಸಂಸ್ಥೆಗಳ ತಂತ್ರಾಂಶದಿಂದ ವರದಿ ತರಿಸುತ್ತಾನೆ. ಅದೇ ಮಾದರಿಯ, ಅದೇ ವರ್ಷದ, ಸುತ್ತಲಿನ ಊರುಗಳಲ್ಲಿ ಮಾರಾಟಕ್ಕಿರುವ ಕೆಲವು ಕಾರುಗಳ ಬೆಲೆಯನ್ನು ಹಿಡಿದು, ಓಡಿದ ಮೈಲಿ, ಸೌಲಭ್ಯ, ಸ್ಥಿತಿಗೆ ತಕ್ಕಂತೆ ಕೂಡಿ ಕಳೆದು ವರದಿ ಒಂದು ಮೊತ್ತ ಹೇಳುತ್ತದೆ. ಅಚ್ಚುಕಟ್ಟಾಗಿ ಮುದ್ರಿಸಿದ ಹತ್ತಿಪ್ಪತ್ತು ಪುಟದ ಆ ವರದಿ ಕಂಡೊಡನೆ ಅದೇ ಕೊನೆಯ ಮಾತೆಂದು ಹೆಚ್ಚಿನವರು ಸಹಿ ಹಾಕಿಬಿಡುತ್ತಾರೆ. ಹಾಕಬಾರದು. ವರದಿಯಲ್ಲಿ ಕಾರಿನ ಟ್ರಿಮ್ (ಮಾದರಿಯೊಳಗಿನ ದರ್ಜೆ) ತಪ್ಪಾಗಿರಬಹುದು, ಚರ್ಮದ ಸೀಟು, ಸನ್‌ರೂಫ್ ಬಿಟ್ಟುಹೋಗಿರಬಹುದು, ಹೋಲಿಕೆಗೆ ಹಿಡಿದ ಕಾರು ನೂರು ಮೈಲಿ ಆಚೆಯದಾಗಿರಬಹುದು, ‘ಸ್ಥಿತಿ’ಯ ಹೆಸರಿನಲ್ಲಿ ಕಾರಣ ಕೊಡದೆ ಕೆಲವು ನೂರು ಡಾಲರ್ ಕಳೆದಿರಬಹುದು. ಜಾಹೀರಾತಿನಲ್ಲಿ ಹೇಳಿದ ಬೆಲೆಗಿಂತ ಕಡಿಮೆಗೇ ಕಾರು ಮಾರಾಟವಾಗುತ್ತದೆಂದು ಊಹಿಸಿ ಹೋಲಿಕೆಯ ಬೆಲೆಯನ್ನೇ ತಗ್ಗಿಸುವ ಪದ್ಧತಿಯ ವಿರುದ್ಧ ಹಲವು ರಾಜ್ಯಗಳಲ್ಲಿ ಸಾಮೂಹಿಕ ಮೊಕದ್ದಮೆಗಳು ನಡೆದಿವೆ. ನ್ಯಾಯಾಲಯಗಳ ನಿಲುವು ಎಲ್ಲ ಕಡೆ ಒಂದೇ ಆಗಿಲ್ಲ.

ಕಂಪನಿ ಹೇಳಿದ ಮೊತ್ತ ಒಪ್ಪಿಗೆಯಾಗದಿದ್ದರೆ ಮಾಲೀಕ ವರದಿಯ ಪ್ರತಿ ಕೇಳಿ ಪಡೆಯಬಹುದು. ತನ್ನ ಕಾರಿಗೆ ಸರಿಸಾಟಿಯಾದ ಕಾರುಗಳ ಜಾಹೀರಾತು, ಈಚೆಗೆ ಹಾಕಿಸಿದ ಟೈರು, ಮಾಡಿಸಿದ ದೊಡ್ಡ ಕೆಲಸಗಳ ರಸೀದಿಗಳನ್ನು ಮುಂದಿಡಬಹುದು. ಅದಕ್ಕೂ ಬಗ್ಗದಿದ್ದರೆ ಹಲವು ಪಾಲಿಸಿಗಳಲ್ಲಿ ಮೌಲ್ಯಮಾಪನದ ಷರತ್ತೊಂದಿರುತ್ತದೆ: ಎರಡೂ ಕಡೆಯವರು ಒಬ್ಬೊಬ್ಬ ಮೌಲ್ಯಮಾಪಕರನ್ನು ನೇಮಿಸುತ್ತಾರೆ, ಅವರಿಬ್ಬರೂ ಒಪ್ಪದಿದ್ದರೆ ಅವರೇ ಆರಿಸಿದ ಮಧ್ಯಸ್ಥನ ಮಾತು ನಿರ್ಣಾಯಕವಾಗುತ್ತದೆ. ತನ್ನ ಮೌಲ್ಯಮಾಪಕನ ಶುಲ್ಕವನ್ನು ಮಾಲೀಕನೇ ಕೊಡಬೇಕಾದ್ದರಿಂದ ಅಂತರ ದೊಡ್ಡದಿದ್ದಾಗಷ್ಟೇ ಈ ದಾರಿ ಲಾಭದ್ದು. ತಪ್ಪು ಎದುರಿನವನದಾಗಿದ್ದು ಅವನ ಕಂಪನಿಯಿಂದ ಹಣ ಕೇಳುತ್ತಿದ್ದರೆ ಈ ಷರತ್ತು ಅನ್ವಯಿಸದು, ಏಕೆಂದರೆ ಆ ಪಾಲಿಸಿ ನಮ್ಮದಲ್ಲ. ಹೊಸ ಕಾರಿಗೆ ಕಟ್ಟಬೇಕಾದ ಮಾರಾಟ ತೆರಿಗೆ, ನೋಂದಣಿ ಶುಲ್ಕಗಳನ್ನೂ ಪರಿಹಾರದಲ್ಲಿ ಸೇರಿಸಬೇಕೆಂದು ಕ್ಯಾಲಿಫೋರ್ನಿಯಾ ಸೇರಿ ಹಲವು ರಾಜ್ಯಗಳ ನಿಯಮವಿದೆ. ಕೇಳದೆ ಹೋದವರು ಇದನ್ನು ಕಳೆದುಕೊಳ್ಳುವುದುಂಟು.

ಸಾಲದ ಕಾರಾದರೆ ಹಣ ಮೊದಲು ಸೇರುವುದು ಸಾಲ ಕೊಟ್ಟ ಬ್ಯಾಂಕಿಗೆ. ಮೇಲೆ ಹೇಳಿದ 12,000 ಡಾಲರ್ ಕಾರಿನ ಮೇಲೆ 14,000 ಸಾಲ ಬಾಕಿಯಿದ್ದು, ಮಾಲೀಕ ತಾನೇ ಭರಿಸಬೇಕಾದ ಡಿಡಕ್ಟಿಬಲ್ 500 ಇದ್ದರೆ, ಬ್ಯಾಂಕಿಗೆ 11,500 ಹೋಗಿ ಇಲ್ಲದ ಕಾರಿನ ಮೇಲೆ 2,500 ಡಾಲರ್ ಸಾಲ ಮಾಲೀಕನ ತಲೆಯ ಮೇಲೆ ಉಳಿಯುತ್ತದೆ. ಈ ಅಂತರವನ್ನು ತುಂಬುವ ‘ಗ್ಯಾಪ್’ ವಿಮೆ ಬೇರೆಯೇ ಇದೆ. ಚೆಕ್ ಬರುವವರೆಗೆ ಸಾಲದ ಕಂತು ನಿಲ್ಲಿಸಕೂಡದು. ಎಳೆದೊಯ್ದ ಕಾರು ನಿಂತಿರುವ ಅಂಗಳದ ಬಾಡಿಗೆ ದಿನದಿನಕ್ಕೂ ಏರುತ್ತಿರುತ್ತದೆ, ಬದಲಿ ಬಾಡಿಗೆ ಕಾರಿನ ಸೌಲಭ್ಯ ಕಂಪನಿ ಮೊತ್ತ ಹೇಳಿದ ಕೆಲವೇ ದಿನಗಳಲ್ಲಿ ನಿಲ್ಲುತ್ತದೆ. ಮಾಲೀಕನ ಮೇಲೆ ಅವಸರದ ಒತ್ತಡ ಬೀಳುವುದು ಈ ಎರಡು ಕಡೆಯಿಂದ. ಕಾರನ್ನು ತಮ್ಮ ಅಂಗಳಕ್ಕೆ ಒಯ್ಯಿರೆಂದು ಕಂಪನಿಗೆ ಅನುಮತಿ ಕೊಡುವುದು ಬೇರೆ, ಮೊತ್ತವನ್ನು ಒಪ್ಪುವುದು ಬೇರೆ. ಮೊದಲನೆಯದನ್ನು ಬೇಗ ಮಾಡಿ ಎರಡನೆಯದಕ್ಕೆ ಸಮಯ ತೆಗೆದುಕೊಳ್ಳುವುದೇ ಜಾಣತನ. ಕಾರು ಹೋಗುವ ಮುನ್ನ ಟೋಲ್ ಯಂತ್ರ, ಕಾಗದಪತ್ರ, ಮಗುವಿನ ಸೀಟುಗಳನ್ನು ತೆಗೆದು, ಕಾರಿಗೆ ಜೋಡಿಸಿದ ಫೋನಿನ ಮಾಹಿತಿ ಅಳಿಸಬೇಕು.

ಕಾರನ್ನು ಇಟ್ಟುಕೊಂಡರೆ

ಟೋಟಲ್ ಲಾಸ್ ಆದ ಕಾರನ್ನು ಬಿಟ್ಟುಕೊಡದೆ ತಾನೇ ಇಟ್ಟುಕೊಳ್ಳುವ ಅವಕಾಶ ಹಲವು ರಾಜ್ಯಗಳಲ್ಲಿದೆ. ಆಗ ಗುಜರಿ ಬೆಲೆಯನ್ನು ಪರಿಹಾರದಿಂದ ಕಳೆಯುತ್ತಾರೆ: 12,000ದಲ್ಲಿ ಡಿಡಕ್ಟಿಬಲ್ 500, ಗುಜರಿ ಬೆಲೆ 3,800 ಹೋಗಿ ಕೈಗೆ 7,700 ಡಾಲರ್ ಮತ್ತು ಜಜ್ಜಿದ ಕಾರು. ಪರಿಚಯದ ಮೆಕ್ಯಾನಿಕ್ ಇದ್ದು, ಪೆಟ್ಟು ಬಾಗಿಲು ಫೆಂಡರ್‌ಗಳಿಗಷ್ಟೇ ಸೀಮಿತವಾಗಿದ್ದು, ಕಾರನ್ನು ಇನ್ನೂ ಹಲವು ವರ್ಷ ತಾನೇ ಓಡಿಸುವುದಾದರೆ ಇದು ಒಳ್ಳೆಯ ಆಯ್ಕೆ. ಮಾರುವ ಯೋಚನೆಯಿದ್ದರೆ ಅಲ್ಲ. ರೀಬಿಲ್ಟ್ ಕಾರಿಗೆ ಮಾರುಕಟ್ಟೆಯಲ್ಲಿ ಬೆಲೆ ಬಹಳ ಕಡಿಮೆ. ಹಲವು ಬ್ಯಾಂಕುಗಳು ಅದರ ಮೇಲೆ ಸಾಲ ಕೊಡುವುದಿಲ್ಲ, ಕೆಲವು ವಿಮಾ ಕಂಪನಿಗಳು ಎದುರಿನವರಿಗೆ ಆಗುವ ಹಾನಿಯನ್ನು ಮಾತ್ರ ಭರಿಸುವ ಪಾಲಿಸಿ ಕೊಡುತ್ತವೆ.

ಕಾರನ್ನು ಇಟ್ಟುಕೊಂಡ ಮಾಲೀಕನ ಮೇಲೆ ಒಂದು ಕರ್ತವ್ಯವೂ ಬೀಳುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಕ್ಲೇಮ್ ಇತ್ಯರ್ಥವಾದ 10 ದಿನಗಳೊಳಗೆ ಟೈಟಲನ್ನೂ ನಂಬರ್ ಪ್ಲೇಟನ್ನೂ ಇಲಾಖೆಗೆ ಒಪ್ಪಿಸಿ ಸಾಲ್ವೇಜ್ ಪತ್ರಕ್ಕೆ ಅರ್ಜಿ ಹಾಕಬೇಕು. ಕಾರು ಮಾಲೀಕನಲ್ಲೇ ಉಳಿದಿದೆಯೆಂದು ವಿಮಾ ಕಂಪನಿಯೂ ಇಲಾಖೆಗೆ ತಿಳಿಸಬೇಕು. ಕಾರು ಕಂಪನಿಗೆ ಸೇರಿದರೆ ಇದೇ ಕೆಲಸ ಕಂಪನಿಯದು.

ಹರಾಜಿನ ಅಂಗಳ

ಕಂಪನಿಗಳು ತಮಗೆ ಸೇರಿದ ಕಾರುಗಳನ್ನು ಬಹುಪಾಲು ಎರಡು ಹರಾಜು ಸಂಸ್ಥೆಗಳ ಮೂಲಕ ಮಾರುತ್ತವೆ. ಕೋಪಾರ್ಟ್ 1982ರಲ್ಲಿ ಕ್ಯಾಲಿಫೋರ್ನಿಯಾದ ವಲೇಹೊ ಊರಿನ ಒಂದು ಗುಜರಿ ಅಂಗಳದಲ್ಲಿ ಹುಟ್ಟಿದ್ದು. ಈಗ ಅದರ ಕೇಂದ್ರ ಡಾಲಸ್. ಇನ್ನೊಂದು ಐಎಎ, 2023ರಿಂದ ಆರ್‌ಬಿ ಗ್ಲೋಬಲ್ ಒಡೆತನದಲ್ಲಿದೆ. ಹರಾಜು ಅಂತರ್ಜಾಲಕ್ಕೆ ಬಂದ ಮೇಲೆ ಕೊಳ್ಳುವವರು ಭೂಗೋಳದ ಇನ್ನೊಂದು ತುದಿಯಲ್ಲೂ ಇರಬಹುದು. ಜಾರ್ಜಿಯಾ ದೇಶದ ರುಸ್ತಾವಿ ಊರಿನ ಕಾರು ಸಂತೆ ಅಮೆರಿಕದಿಂದ ಬಂದ ಪೆಟ್ಟು ತಿಂದ ಕಾರುಗಳಿಗೆ ಹೆಸರಾಗಿದೆ. ಅಲ್ಲಿ ಸರಿಪಡಿಸಿದ ಕಾರುಗಳು ಮಧ್ಯ ಏಷ್ಯಾದವರೆಗೂ ಹೋಗುತ್ತವೆ. ದುರಸ್ತಿಗೆ ಮೀರಿದ ಕಾರುಗಳಿಗೆ ‘ನಾನ್‌ರಿಪೇರಬಲ್’ ಅಥವಾ ನಾಶದ ಪತ್ರ ಕೊಡುತ್ತಾರೆ. ಅವು ಬಿಡಿಭಾಗಕ್ಕೂ ಕಬ್ಬಿಣಕ್ಕೂ ಮಾತ್ರ, ಮತ್ತೆಂದೂ ರಸ್ತೆಗೆ ಬರಕೂಡದು.

ಗುರುತು ಅಳಿಸುವ ದಂಧೆ

ಸಾಲ್ವೇಜ್ ಕಾರನ್ನು ನಿಯಮ ಸಡಿಲವಿರುವ ರಾಜ್ಯಕ್ಕೆ ಒಯ್ದು ಅಲ್ಲಿ ಹೊಸ ಟೈಟಲ್ ಪಡೆದು, ಕಳಂಕವಿಲ್ಲದ ಕಾಗದದೊಂದಿಗೆ ಮರಳಿ ತರುವುದಕ್ಕೆ ‘ಟೈಟಲ್ ವಾಷಿಂಗ್’ ಎನ್ನುತ್ತಾರೆ. ಇದನ್ನು ತಡೆಯಲು 1992ರ ಕಾರು ಕಳವು ವಿರೋಧಿ ಕಾಯ್ದೆ ರಾಷ್ಟ್ರಮಟ್ಟದ ಟೈಟಲ್ ದಾಖಲೆ ವ್ಯವಸ್ಥೆಯೊಂದನ್ನು ವಿಧಿಸಿತು. ಎನ್‌ಎಂವಿಟಿಐಎಸ್ ಎಂಬ ಈ ವ್ಯವಸ್ಥೆ ನ್ಯಾಯಾಂಗ ಇಲಾಖೆಯ ಉಸ್ತುವಾರಿಯಲ್ಲಿದೆ. ಕಾಯ್ದೆ ಬಂದರೂ ವಿಮಾ ಕಂಪನಿಗಳೂ ಗುಜರಿ ಅಂಗಳಗಳೂ ತಮ್ಮ ಕೈಗೆ ಬಂದ ಕಾರುಗಳ ಪಟ್ಟಿಯನ್ನು ಅದಕ್ಕೆ ಸಲ್ಲಿಸತೊಡಗಿದ್ದು 2009ರ ಮಾರ್ಚ್ ಕೊನೆಯಿಂದ. ಕಾನೂನಿಗೂ ಆಚರಣೆಗೂ ನಡುವೆ 17 ವರ್ಷ ಹಿಡಿದದ್ದು ಖೇದದ ಸಂಗತಿ. ಆ ನಡುವೆಯೇ ಕತ್ರೀನಾ ಚಂಡಮಾರುತ ಬಂದು 2005ರಲ್ಲಿ ಲಕ್ಷಾಂತರ ಕಾರುಗಳು ನೀರಿನಲ್ಲಿ ಮುಳುಗಿದವು. ಅದರ ಬೆನ್ನಲ್ಲೇ ವಿಮಾ ಅಪರಾಧ ತಡೆ ಸಂಸ್ಥೆಯಾದ ಎನ್‌ಐಸಿಬಿ, ಕಾರಿನ 17 ಅಕ್ಷರಗಳ ವಿಐಎನ್ ಸಂಖ್ಯೆ ಹಾಕಿ ಕಳವು, ಸಾಲ್ವೇಜ್ ದಾಖಲೆಗಳನ್ನು ಉಚಿತವಾಗಿ ನೋಡುವ ಸೇವೆ ಆರಂಭಿಸಿತು.

ದೊಡ್ಡ ಕಂಪನಿಗಳೂ ಇದರಲ್ಲಿ ಎಡವಿವೆ. ಟೋಟಲ್ ಲಾಸ್ ಮಾಡಿ ತಾನು ಪಡೆದ ಅನೇಕ ಕಾರುಗಳಿಗೆ ಸರಿಯಾದ ಸಾಲ್ವೇಜ್ ಪತ್ರ ಮಾಡಿಸದೆ ಮಾರಿದ್ದ ವಿಷಯದಲ್ಲಿ ಸ್ಟೇಟ್ ಫಾರ್ಮ್ ವಿಮಾ ಸಂಸ್ಥೆ 2005ರಲ್ಲಿ 49 ರಾಜ್ಯಗಳ ಅಟಾರ್ನಿ ಜನರಲ್‌ಗಳೊಂದಿಗೆ ಒಪ್ಪಂದಕ್ಕೆ ಬಂದು, ಆ ಕಾರುಗಳನ್ನು ಕೊಂಡವರ ಪರಿಹಾರಕ್ಕೆ 4 ಕೋಟಿ ಡಾಲರ್ ತೆಗೆದಿಟ್ಟಿತು.

ಇನ್ನೊಂದು ಬಿರುಕು ಯಾರ ಕಣ್ಣಿಗೂ ಬೇಗ ಬೀಳದು. ದಾಖಲೆಗೆ ಸುದ್ದಿ ಮುಟ್ಟಿಸುವುದು ಮುಖ್ಯವಾಗಿ ವಿಮಾ ಕಂಪನಿ. ಸ್ವಂತ ಕಾರಿನ ಹಾನಿಗೆ ವಿಮೆಯನ್ನೇ ಮಾಡಿಸದ ಕಾರು ನುಜ್ಜಾದರೆ ಕ್ಲೇಮ್ ಇಲ್ಲ, ವರದಿ ಇಲ್ಲ, ಗುರುತೂ ಇಲ್ಲ. ಹಾಗಾಗಿ ಕ್ಲೀನ್ ಟೈಟಲ್ ಎಂದರೆ ಕಾರಿಗೆ ಏನೂ ಆಗಿಲ್ಲವೆಂದಲ್ಲ, ಆಗಿದ್ದು ದಾಖಲಾಗಿಲ್ಲವೆಂದಷ್ಟೇ. ಕಾರ್‌ಫ್ಯಾಕ್ಸ್, ಆಟೋಚೆಕ್ ಮುಂತಾದ ಖಾಸಗಿ ವರದಿಗಳು ಪೊಲೀಸ್ ದಾಖಲೆ, ಗ್ಯಾರೇಜು ದಾಖಲೆಗಳಿಂದ ಈ ಕೊರತೆಯನ್ನು ಸ್ವಲ್ಪ ತುಂಬುತ್ತವೆ, ಪೂರ್ತಿಯಾಗಿ ಅಲ್ಲ.

ರೀಬಿಲ್ಟ್ ಕಾರಿನ ಸುರಕ್ಷತೆ

ರೀಬಿಲ್ಟ್ ಪತ್ರ ಕೊಡುವ ಮುನ್ನ ಸರ್ಕಾರ ಕಾರನ್ನು ಪರೀಕ್ಷಿಸುತ್ತದೆ ಎಂಬುದನ್ನೇ ಸುರಕ್ಷತೆಯ ಭರವಸೆಯೆಂದು ಕೊಳ್ಳುವವರು ನಂಬುತ್ತಾರೆ. ನ್ಯೂಯಾರ್ಕ್‌ನಲ್ಲಿ ಸಾಲ್ವೇಜ್ ತಪಾಸಣೆಯ ಉದ್ದೇಶವೇ ಬೇರೆ: ಕದ್ದ ಕಾರು, ಕದ್ದ ಬಿಡಿಭಾಗ ಹಿಡಿಯುವುದು. ಅದಕ್ಕಾಗಿಯೇ ಬಿಡಿಭಾಗ ಕೊಂಡ ರಸೀದಿಗಳನ್ನು ತರಹೇಳುತ್ತಾರೆ. ಚಾಸಿ ನೆಟ್ಟಗಾಗಿದೆಯೇ, ಬೆಸುಗೆ ಗಟ್ಟಿಯಿದೆಯೇ, ಏರ್‌ಬ್ಯಾಗ್ ಅಸಲಿಯೇ ಎಂಬುದನ್ನು ಅದು ಪ್ರಮಾಣೀಕರಿಸುವುದಿಲ್ಲ. ಇತರ ಹಲವು ರಾಜ್ಯಗಳ ತಪಾಸಣೆಯೂ ಹೆಚ್ಚುಕಡಿಮೆ ಇದೇ ಬಗೆಯದು.

ಇದರ ಪರಿಣಾಮ ಜೀವಕ್ಕೇ ಬಂದದ್ದಿದೆ. 2024ರ ಜುಲೈನಲ್ಲಿ ಅಮೆರಿಕದ ರಸ್ತೆ ಸುರಕ್ಷತಾ ಆಡಳಿತ ಎಚ್ಚರಿಕೆಯೊಂದನ್ನು ಹೊರಡಿಸಿತು: ಹಿಂದಿನ ಒಂಬತ್ತು ತಿಂಗಳಲ್ಲಿ, ಮೊದಲೊಮ್ಮೆ ಅಪಘಾತವಾಗಿ ಏರ್‌ಬ್ಯಾಗ್ ಬದಲಿಸಿದ್ದ ಹಳೆಯ ಕಾರುಗಳಲ್ಲಿ, ಅಗ್ಗದ ಕಳಪೆ ಇನ್‌ಫ್ಲೇಟರ್‌ಗಳು ಸಿಡಿದು ಮೂವರು ಸತ್ತಿದ್ದರು, ಇಬ್ಬರು ಭೀಕರವಾಗಿ ಗಾಯಗೊಂಡಿದ್ದರು. ಬದುಕಿ ಬರಬಹುದಾಗಿದ್ದ ಅಪಘಾತಗಳಲ್ಲಿ ಲೋಹದ ಚೂರುಗಳು ಎದೆ, ಕುತ್ತಿಗೆಗೆ ಹೊಕ್ಕಿದ್ದವು. ರೀಬಿಲ್ಟ್ ಕಾರು ಕೊಳ್ಳಲೇಬೇಕೆಂದಿದ್ದರೆ ದುರಸ್ತಿಗೆ ಮುಂಚಿನ ಫೋಟೋ, ಏರ್‌ಬ್ಯಾಗ್ ಕೊಂಡ ಬಿಲ್ಲು, ಚಾಸಿ ಅಳತೆಯ ವರದಿ ಈ ಮೂರನ್ನೂ ಕೇಳಬೇಕು. ಹರಾಜಿನ ಹಳೆಯ ಚಿತ್ರಗಳು ವಿಐಎನ್ ಹಾಕಿ ಹುಡುಕಿದರೆ ಎಷ್ಟೋ ಸಲ ಸಿಗುತ್ತವೆ. ನೆರೆಯಲ್ಲಿ ಮುಳುಗಿದ ಕಾರನ್ನಂತೂ ಯಾವ ಬೆಲೆಗೂ ಕೊಳ್ಳಬಾರದೆಂಬುದು ಈ ಲೇಖಕನ ಖಚಿತ ಅಭಿಪ್ರಾಯ. ತಂತಿ ಜೋಡಣೆಗಳೊಳಗೆ ಹೊಕ್ಕ ತೇವ ತಿಂಗಳುಗಟ್ಟಲೆ ತಡೆದು ಕಾಟ ಕೊಡಲಾರಂಭಿಸುತ್ತದೆ.

ಕ್ಯಾಲಿಫೋರ್ನಿಯಾದಲ್ಲಿ 2012ರ ಜುಲೈ 1ರಿಂದ ಹಳೆಯ ಕಾರು ಮಾರುವ ಪ್ರತಿ ಡೀಲರ್ ರಾಷ್ಟ್ರೀಯ ದಾಖಲೆಯ ವರದಿ ತೆಗೆಯಬೇಕು, ಗುರುತು ಕಂಡುಬಂದ ಕಾರಿನ ಮೇಲೆ ಕೆಂಪು ಎಚ್ಚರಿಕೆ ಚೀಟಿ ಅಂಟಿಸಬೇಕು. ವ್ಯಕ್ತಿಯಿಂದ ವ್ಯಕ್ತಿಗೆ ನಡೆಯುವ ಮಾರಾಟಕ್ಕೆ ಈ ನಿಯಮವಿಲ್ಲ. ಓದಲು ಹೋದ ನಮ್ಮ ಹುಡುಗ ಹುಡುಗಿಯರು ಕೈಯಲ್ಲಿ ಕಾಸು ಕಡಿಮೆಯಿದ್ದು ಮೊದಲ ಕಾರು ಕೊಳ್ಳುವುದು ಹೆಚ್ಚಾಗಿ ಈ ಎರಡನೆಯ ಬಗೆಯಲ್ಲಿ. ಮಾರುವವನು ಕನ್ನಡದವನೇ ಆಗಿದ್ದರೂ ಟೈಟಲನ್ನು ಕಣ್ಣಾರೆ ನೋಡದೆ, ವರದಿ ತೆಗೆಸದೆ ಹಣ ಕೊಡಬಾರದು.

ಬ್ರಿಟನ್ ಮತ್ತು ಭಾರತ

ಬ್ರಿಟನ್ನಿನ ಕ್ರಮ ಇನ್ನಷ್ಟು ಸರಳ. 2017ರ ಅಕ್ಟೋಬರಿನಿಂದ ಅಲ್ಲಿ ಎ, ಬಿ, ಎಸ್, ಎನ್ ಎಂಬ ನಾಲ್ಕು ವರ್ಗಗಳಿವೆ: ಎ ಪೂರ್ತಿ ಜಜ್ಜಿಹಾಕಬೇಕಾದದ್ದು, ಬಿ ಬಿಡಿಭಾಗಕ್ಕೆ ಮಾತ್ರ, ಎಸ್ ಚೌಕಟ್ಟಿಗೆ ಪೆಟ್ಟಾಗಿದ್ದರೂ ಸರಿಪಡಿಸಬಹುದಾದದ್ದು, ಎನ್ ಚೌಕಟ್ಟಿಗೆ ಪೆಟ್ಟಾಗದ್ದು. ಖರ್ಚಿನ ಲೆಕ್ಕಕ್ಕಿಂತ ಹಾನಿಯ ಬಗೆಯನ್ನೇ ಹೇಳುವ ಈ ಪದ್ಧತಿ ಕೊಳ್ಳುವವನಿಗೆ ಹೆಚ್ಚು ಉಪಕಾರಿ.

ಭಾರತದಲ್ಲಿ ಕಾರಿನ ವಿಮಾ ಮೌಲ್ಯ ಪಾಲಿಸಿ ಬರೆಯುವಾಗಲೇ ಗೊತ್ತಾಗಿರುತ್ತದೆ. ಐಡಿವಿ ಎನ್ನುವ ಈ ಮೊತ್ತವನ್ನು ತಯಾರಕರ ಪಟ್ಟಿ ಬೆಲೆಯಿಂದ ಸವಕಳಿ ಕಳೆದು ಲೆಕ್ಕ ಹಾಕುತ್ತಾರೆ: ಮೊದಲ ಆರು ತಿಂಗಳಿಗೆ ಶೇ. 5, ನಾಲ್ಕರಿಂದ ಐದನೆಯ ವರ್ಷದ ಹೊತ್ತಿಗೆ ಶೇ. 50. ಎತ್ತಿ ತರುವ ಮತ್ತು ದುರಸ್ತಿಯ ಒಟ್ಟು ಖರ್ಚು ಐಡಿವಿಯ ಶೇ. 75 ಮೀರಿದರೆ ಟೋಟಲ್ ಲಾಸ್. ಅಮೆರಿಕದಲ್ಲಿ ಬೆಲೆಯ ಜಗಳ ಅಪಘಾತದ ನಂತರ ನಡೆದರೆ ನಮ್ಮಲ್ಲಿ ಅದು ನವೀಕರಣದ ದಿನವೇ ಮುಗಿದಿರುತ್ತದೆ. ಪ್ರೀಮಿಯಂ ನಾಲ್ಕು ಕಾಸು ಕಡಿಮೆಯಾಗಲೆಂದು ಐಡಿವಿ ಇಳಿಸಿಕೊಂಡವರು ಕಾರು ಹೋದ ದಿನ ಅದರ ಬೆಲೆ ತೆರುತ್ತಾರೆ.

ಆದರೆ ನಮ್ಮ ಆರ್‌ಸಿಯಲ್ಲಿ ಸಾಲ್ವೇಜ್ ಎಂಬ ನಡುವಿನ ಹಂತವೇ ಇಲ್ಲ. ವಾಹನ ನಾಶವಾದರೆ ಅಥವಾ ಶಾಶ್ವತವಾಗಿ ಬಳಕೆಗೆ ಬಾರದಂತಾದರೆ 14 ದಿನಗಳೊಳಗೆ ಆರ್‌ಟಿಒಗೆ ತಿಳಿಸಿ ಆರ್‌ಸಿ ಒಪ್ಪಿಸಬೇಕೆಂದು 1988ರ ಮೋಟಾರು ವಾಹನ ಕಾಯ್ದೆಯ 55ನೆಯ ಕಲಂ ಹೇಳುತ್ತದೆ. ದುರಸ್ತಿಯಾಗಿ ಮತ್ತೆ ಓಡಬಲ್ಲ ಕಾರಿಗೆ ಅದು ಅನ್ವಯಿಸದು. ಹೀಗಾಗಿ ಟೋಟಲ್ ಲಾಸ್ ಆಗಿ ಗುಜರಿಯವರ ಕೈ ಸೇರಿದ ಕಾರು ಜೀವಂತ ಆರ್‌ಸಿಯೊಂದಿಗೆ ಮತ್ತೆ ಮಾರುಕಟ್ಟೆಗೆ ಬರಬಹುದು. ಇನ್ನೂ ಕೆಟ್ಟದ್ದೆಂದರೆ, ಕದ್ದ ಕಾರೊಂದಕ್ಕೆ ಅದೇ ಮಾದರಿಯ ಜಜ್ಜಿದ ಕಾರಿನ ಚಾಸಿ ನಂಬರ್ ಹೊಡೆದು ಆ ಆರ್‌ಸಿಯ ಮೇಲೆ ಮಾರುವ ಜಾಲಗಳು ದೇಶದ ಹಲವೆಡೆ ಪೊಲೀಸರ ಕೈಗೆ ಸಿಕ್ಕಿವೆ. 2022ರ ಸೆಪ್ಟೆಂಬರಿನ ಮಳೆಗೆ ಬೆಂಗಳೂರಿನ ಯಮಲೂರು, ಸರ್ಜಾಪುರ ರಸ್ತೆ, ಹೊರವರ್ತುಲ ರಸ್ತೆಯ ಆಸುಪಾಸಿನ ನೆಲಮಾಳಿಗೆಗಳಲ್ಲಿ ಕಾರುಗಳು ಚಾವಣಿವರೆಗೆ ಮುಳುಗಿದವು. ಅವುಗಳಲ್ಲಿ ಮತ್ತೆ ರಸ್ತೆಗೆ ಬಂದ ಯಾವ ಕಾರಿನ ಆರ್‌ಸಿಯಲ್ಲೂ ಆ ನೀರಿನ ಸುದ್ದಿ ಇರಲು ಜಾಗವಿಲ್ಲ.

ವಾಹನಗಳ ಮಾಹಿತಿ ಈಗ ವಾಹನ್ ಎಂಬ ಕೇಂದ್ರ ದತ್ತಾಂಶದಲ್ಲಿದೆ, ವಿಮಾ ಕಂಪನಿಗಳ ಬಳಿ ಟೋಟಲ್ ಲಾಸ್ ಕ್ಲೇಮ್‌ಗಳ ಲೆಕ್ಕವಿದೆ. ಎರಡನ್ನೂ ಜೋಡಿಸಿ, ಕಾರಿನ ನಂಬರ್ ಹಾಕಿದ ಯಾರಿಗೇ ಆಗಲಿ ಕಾಣುವಂತೆ ಒಂದು ಕಲಂ ತೆರೆಯುವುದನ್ನು ರಸ್ತೆ ಸಾರಿಗೆ ಸಚಿವಾಲಯವೂ ವಿಮಾ ನಿಯಂತ್ರಣ ಪ್ರಾಧಿಕಾರವೂ ಇನ್ನು ಮುಂದೂಡಬಾರದು.